ಮುಂದೆ ಮುಂದೆ ನಡೆಯುವ ಗಂಡ

"ಇಲ್ಲೇ ನಿಂತಿರು! ನಾನು ಬಂದು ಕರೆಯೋವರೆಗೂ ಹೆಜ್ಜೆ ಎತ್ತಬೇಡ."

ದೋಣಿಯಿಂದ ಕಟ್ಟೆಗೆ ಹಾರಿದ ಗಂಡ ಹೇಳಿದ್ದು ಇಷ್ಟೇ. ಎರಡೂ ಬೆನ್ನುಚೀಲಗಳನ್ನು ಅವಳ ಕಾಲ ಬಳಿ ಇಳಿಸಿ, ತಿರುಗಿಯೂ ನೋಡದೆ, ದ್ವೀಪದೊಳಕ್ಕೆ ಸಾಗುವ ಮರಳುದಾರಿಯಲ್ಲಿ ಸರಸರನೆ ನಡೆದುಬಿಟ್ಟ.

ಅವಳು ನಿಂತಳು.

ಎಂಥ ಜಾಗ! ತಳದ ಮರಳಿನ ಮೇಲೆ ದೋಣಿಯ ನೆರಳು ಕಾಣುವಷ್ಟು ತಿಳಿಯಾದ ನೀರು. ತಗಡಿನ ಚಾವಣಿಯ ಒಂದು ಟಿಕೆಟ್ ಮನೆ. ಅದರಾಚೆ ಬಿಸಿಲಿಗೆ ಮಿರುಗುವ ಹಸಿರು. ಮದುವೆಯಾದಂದಿನಿಂದ ರಜೆ ಕೂಡಿಸಿಟ್ಟು, ಬಸ್ಸು, ರೈಲು, ಲಾರಿಯ ಹಿಂಬದಿ, ಯಾವುದನ್ನೂ ಬಿಡದೆ ಹತ್ತಿಳಿದು ಇಬ್ಬರೂ ಬಂದದ್ದು ಇದಕ್ಕಾಗಿಯೇ ಅಲ್ಲವೇ?

ಇಬ್ಬರೂ...?

"ಒಬ್ಬಳೇ ಬಂದ್ಯಾ ಮಗಳೇ?" ಟಿಕೆಟ್ ಮನೆಯ ಕಿಂಡಿಯಿಂದ ಒಂದು ಬೆಳ್ಳಗಿನ ತಲೆ ಹೊರಬಂತು.

"ಇಲ್ಲ ಅಜ್ಜಿ, ಯಜಮಾನರೂ ಬಂದಿದ್ದಾರೆ."

"ಎಲ್ಲಿ? ಕಾಣ್ತಾನೇ ಇಲ್ಲ!"

ಅವಳು ದಾರಿಯ ತಿರುವಿನತ್ತ ಕೈ ತೋರಿಸಿದಳು. ಅಲ್ಲಿ ಯಾರೂ ಇರಲಿಲ್ಲ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಚೀಲದ ಪಟ್ಟಿಯನ್ನು ಸರಿಪಡಿಸಿದಳು.

ಅವಳ ಎಡಗಾಲು ಬಲಗಾಲಿಗಿಂತ ತುಸು ಗಿಡ್ಡ. ಚಿಕ್ಕಂದಿನಲ್ಲಿ ಮುರಿದದ್ದು, ಕೂಡಿಕೊಳ್ಳುವಾಗ ಕೊಂಚ ಸೊಟ್ಟಗೆ ಕೂಡಿಕೊಂಡಿತ್ತು. ಅದೇನೂ ಅವಳನ್ನು ತಡೆದಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ವಾರ್ಡಿನಿಂದ ವಾರ್ಡಿಗೆ ಓಡಾಡಿ, ನರ ಸಿಗದ ಮುದುಕರ ಕೈಯಿಂದಲೂ ನೋವಾಗದಂತೆ ರಕ್ತ ತೆಗೆಯುವವಳು ಅವಳು. "ಊರವರ ರಕ್ತ ಹೀರೋಳು" ಎಂದು ಗಂಡ ಕರೆಯುವಾಗ ಅವಳೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಅವನು ಲಿಫ್ಟ್ ರಿಪೇರಿ ಮಾಡುವವನು. ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ಕೈಕೊಟ್ಟ ದಿನ, ಒಳಗೆ ಸಿಕ್ಕಿಕೊಂಡಿದ್ದ ಅವಳನ್ನು ಮೇಲಕ್ಕೆ ಎಳೆದುಕೊಂಡವನು. ಎಳೆದ ಕೈಯನ್ನು ಬಿಡಲು ಇಬ್ಬರೂ ಮರೆತರು. ಮುಂದೆ ಆದದ್ದು ಮದುವೆ.

ಆದರೆ ಮದುವೆಯ ದಿನವೇ ಅವನ ಚಿಕ್ಕಮ್ಮ ನೆಂಟರ ನಡುವೆ ನಿಂತು ಹೇಳಿದ್ದಳು: "ಹುಡುಗಿ ಚಿನ್ನ ಕಣ್ರೀ... ಒಂದು ಕಾಲಿನ ಅಳತೆಯಲ್ಲಿ ಮಾತ್ರ ಸ್ವಲ್ಪ ಕಡಿಮೆ!"

ಹೆಣ್ಣಿನ ಕಾಲನ್ನು ಅಳೆಯಹೊರಡುವ ನಾಲಿಗೆಗೆ ತನ್ನದೇ ಉದ್ದವನ್ನು ಅಳೆಯುವ ಕೋಲು ಎಲ್ಲೂ ಸಿಗುವುದಿಲ್ಲ! ಆಡಿದವಳು ಊಟ ಮುಗಿಸಿ ಮನೆಗೆ ಹೋದಳು. ಮಾತು ಮಾತ್ರ ಉಳಿಯಿತು. ಅದಾದ ಕ್ಷಣವೇ ಗಂಡ ಅವಳ ಪಕ್ಕದಿಂದ ಸರಿದು ಮುಂದೆ ನಡೆದಿದ್ದನ್ನು ಅವಳು ಕಂಡಳು. ಅಂದಿನಿಂದ ಅವನು ಹಾಗೆಯೇ. ಬಸ್ ನಿಲ್ದಾಣವಿರಲಿ, ಹೋಟೆಲಿನ ಮೆಟ್ಟಿಲಿರಲಿ, ಸಂತೆಯ ಸಂದಿಯಿರಲಿ, ಅವನು ಮುಂದೆ, ಅವಳು ಹಿಂದೆ.

'ನನ್ನ ಜೊತೆ ಕಾಣಿಸಿಕೊಳ್ಳೋಕೆ ಅವನಿಗೆ ನಾಚಿಕೆ...'

ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಹಾಗೆಂದವರು ಸಂಸಾರ ಮಾಡಿರಲಿಕ್ಕಿಲ್ಲ. ಆ ಬಂಗಾರ ಅವಳ ಕೊರಳಲ್ಲಿ ಕಲ್ಲಾಗಿ ತೂಗುತ್ತಿತ್ತು.

ಹೊತ್ತು ಸರಿಯಿತು. ದಾರಿಯ ತಿರುವು ಬರಿದಾಗಿಯೇ ಇತ್ತು. ಜೊತೆಗೆ ಬಂದಿದ್ದ ಜೋಡಿಗಳು ಕೈಕೈ ಹಿಡಿದು ಅವಳನ್ನು ದಾಟಿ ಹೋದವು.

ಅವಳು ಕಿಂಡಿಯ ಬಳಿ ಹೋದಳು. "ಅಜ್ಜಿ, ವಾಪಸ್ ದೋಣಿ ಯಾವಾಗ?"

"ದೋಣಿ ನಡೆಸೋ ನನ್ನ ಅಳಿಯ ಚಹಾ ಕುಡಿದು ಬಂದ ಕೂಡಲೇ. ಇವತ್ತಿಗೆ ಅದೇ ಕೊನೇದು. ಯಾಕೆ ತಾಯಿ?"

"ಒಂದು ಟಿಕೆಟ್ ಕೊಡಿ."

"ಬೆವರು ಆರೋ ಮುಂಚೆನೇ ಹೊರಟ್ಯಾ? ನಮ್ಮ ದ್ವೀಪ ಏನು ತಪ್ಪು ಮಾಡ್ತು?"

"ದ್ವೀಪ ಏನೂ ಮಾಡಿಲ್ಲ ಅಜ್ಜಿ."

"ಹಾಗಾದ್ರೆ ಗಂಡ ಮಾಡಿದಾನೆ," ಎಂದು ಅಜ್ಜಿ ನಿಟ್ಟುಸಿರಿಟ್ಟು ಚೀಟಿ ಹರಿದಳು.

ಅವಳು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದಳು. ತವರಿಗೆ ಹೋಗಿ ಏನೆನ್ನುವುದು? ಏನಾದರೂ ಅನ್ನಬಹುದು. ಆದರೆ ಒಬ್ಬ ಮನುಷ್ಯನ ಬೆನ್ನನ್ನೇ ನೋಡುತ್ತಾ ಇಡೀ ಬಾಳು ನಡೆಯಲಾಗದು...

ಅಷ್ಟರಲ್ಲಿ ಅಜ್ಜಿಯ ಅಳಿಯ ಹೊಟ್ಟೆ ಹಿಡಿದು ನಗುತ್ತಾ ಬಂದ.

"ಅತ್ತೆ, ಹಳ್ಳದ ಕಾಲುಸೇತುವೆ ಮೇಲೆ ಒಬ್ಬ ಆಸಾಮಿ ಕುಣೀತಿದಾನೆ!"

"ಕುಡಿದಿದಾನಾ?"

"ಕುಡಿದೋನು ಇಷ್ಟು ಶಿಸ್ತಾಗಿ ಕುಣಿಯಲ್ಲ ಬಿಡಿ. ಚೆನ್ನಾಗಿ ನಡ್ಕೊಂಡು ಬಂದ. ಸೇತುವೆ ಹತ್ತಿದ್ದೇ ತಡ, ಕುಂಟೋಕೆ ಶುರು ಮಾಡಿದ. ಎಡಗಾಲು ಧೊಪ್ ಅಂತ ಹಾಕೋದು, ಒಂದು ಪಕ್ಕಕ್ಕೆ ವಾಲೋದು, ಮತ್ತೆ ಧೊಪ್! ನಗರದಿಂದ ಬಂದೋರಿಗೆ ಬಿಸಿಲು ತಲೆಗೆ ಏರುತ್ತೆ."

ಅವಳ ಕಿವಿ ಕಾದ ಕಬ್ಬಿಣವಾಯಿತು.

ಅಣಕ! ನಾಚಿಕೆಪಟ್ಟುಕೊಂಡದ್ದು ಸಾಲದೆಂದು ಈಗ ಅಣಕ ಬೇರೆಯೇ?

"ಅಣ್ಣಾ, ದೋಣಿ ಸ್ವಲ್ಪ ನಿಲ್ಸಿ. ಒಬ್ಬರಿಗೆ ಎರಡು ಮಾತು ಹೇಳಿ ಬರ್ತೀನಿ."

"ಗಂಡ ಹೆಂಡಿರ ಎರಡು ಮಾತಾ?" ಅಜ್ಜಿ ಕಣ್ಣರಳಿಸಿದಳು. "ಅಷ್ಟೊತ್ತಿಗೆ ದೋಣಿ ತುಕ್ಕು ಹಿಡಿಯುತ್ತೆ!"

ಅವಳು ಕೇಳಿಸಿಕೊಳ್ಳಲಿಲ್ಲ. ಚೀಲಗಳನ್ನು ಅಲ್ಲಿಯೇ ಬಿಟ್ಟು, ಮರಳನ್ನು ತುಳಿಯುತ್ತಾ, ತಿರುವು ದಾಟಿ ನಡೆದಳು.

ಸೇತುವೆ ಕಂಡಿತು. ಕೈಗೆ ಆಸರೆಯಾಗಿ ಹಗ್ಗ ಕಟ್ಟಿದ್ದ ಮರದ ಕಿರಿದಾದ ಸೇತುವೆ. ಅದರ ನಟ್ಟನಡುವೆ ಅವಳ ಗಂಡ, ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗಂಟಿದೆ. ಎಡಗಾಲನ್ನು ಭಾರವಾಗಿ ಊರಿ, ಸೊಂಟವನ್ನು ಹೊರಕ್ಕೆ ವಾಲಿಸಿ, ಮತ್ತೊಂದು ಹೆಜ್ಜೆ. ಅವಳದೇ ನಡಿಗೆ! ಕನ್ನಡಿಯಲ್ಲಿ ಕಂಡಂತೆ!

"ಯಾರನ್ನ ಅಣಕಿಸ್ತಿದ್ದೀರಾ?"

ಅವನು ಬೆಚ್ಚಿಬಿದ್ದ. "ಬರಬೇಡ ಅಂದಿದ್ನಲ್ಲ! ಅಲ್ಲೇ ನಿಲ್ಲು... ಏನಂದೆ? ನಾನು 'ನೀನು' ಹೋಗಿ 'ನೀವು' ಆದ್ನಾ? ಅಷ್ಟು ಕೋಪನಾ?"

"ಕುಂಟಿ ಹೆಂಡತಿ ಜೊತೆ ನಡೆಯೋಕೆ ನಾಚಿಕೆ ಅಂದ್ರೆ ಮದುವೆ ಯಾಕಾದ್ರಿ? ಎಲ್ಲಿ ಹೋದ್ರೂ ಮುಂದೆ ಓಡ್ತೀರಲ್ಲ, ನಾನು ನಿಮ್ಮ ಹೆಂಡತಿ ಅಂತ ಯಾರಿಗೂ ಗೊತ್ತಾಗಬಾರದು ಅಂತ ತಾನೇ?"



"ನಾಚಿಕೆನಾ...? ನಂಗಾ...?" ಅವನು ಕಾಲ ಬಳಿಯ ಹಲಗೆಯೊಂದನ್ನು ತೋರಿಸಿದ. ಅದರ ಒಂದು ತುದಿ ಮೊಳೆ ಬಿಟ್ಟು ಎದ್ದಿತ್ತು. "ನಿನ್ನ ಭಾರ ಎಡಗಾಲಿನ ಹೊರಮಗ್ಗುಲಿಗೆ ಬೀಳುತ್ತೆ. ನಾನು ನನ್ನ ಹಾಗೇ ನಡೆದ್ರೆ ಈ ಹಲಗೆ ಗಟ್ಟಿಯಾಗೇ ಇದೆ. ನಿನ್ನ ಹಾಗೆ ನಡೆದೆ ನೋಡು, ಆಗ ಎದ್ದು ಬಂತು. ಮೊದಲು ನಾವು ಹತ್ತಿ ಇಳಿದು ನೋಡದೆ ಯಾರನ್ನೂ ಲಿಫ್ಟಿಗೆ ಹತ್ತಿಸಬಾರದು. ನನ್ನ ಕೆಲಸದಲ್ಲಿ ಮೊದಲನೇ ದಿನ ಕಲಿಸೋದೇ ಅದು."

ಅವಳ ಕೋಪಕ್ಕೆ ಕಾಲಿಡಲು ನೆಲ ಸಿಗಲಿಲ್ಲ.

"ಮತ್ತೆ... ಬಸ್ ಸ್ಟ್ಯಾಂಡಲ್ಲಿ?"

"ಮೆಟ್ಟಿಲು ಒಡೆದಿತ್ತು."

"ಹೋಟೆಲಲ್ಲಿ?"

"ನೆಲ ಒರೆಸಿ ಹಾಗೇ ಬಿಟ್ಟಿದ್ರು."

"ಮದುವೆ ದಿನ? ನಿಮ್ಮ ಚಿಕ್ಕಮ್ಮ ಹಾಗಂದಾಗ?"

"ಚಿಕ್ಕಮ್ಮ ಏನಂದ್ರು? ಕಾರ್ಪೆಟ್ ಅಂಚು ಮಡಚಿಕೊಂಡಿತ್ತು ಕಣೇ! ಅದನ್ನ ಸರಿ ಮಾಡೋಕೆ ಓಡಿದೆ."

ಕಾರ್ಪೆಟ್...!

ಇಷ್ಟು ದಿನ ಎದೆಯ ಮೇಲೆ ಹೇರಿಕೊಂಡಿದ್ದ ಬಂಡೆ ಕೊನೆಗೆ ಒಂದು ಮಡಚಿದ ಕಾರ್ಪೆಟ್ ಆಗಿತ್ತೆ? ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಎರಡಕ್ಕೂ ಒಂದೇ ಗಂಟಲಾದ್ದರಿಂದ ಬಿಕ್ಕಳಿಕೆ ಬಂತು.

ಅವನು ಗಾಬರಿಯಾಗಿ ಹತ್ತಿರ ಬಂದ. ಆಗಲೇ ಅವಳ ಕೈಯಲ್ಲಿದ್ದ ಚೀಟಿ ಕಂಡದ್ದು.

"ಇದೇನು?"

"ವಾಪಸ್ ಹೋಗೋ ಟಿಕೆಟ್."

"ಒಂದೇ ಇದೆ..."

ಅವನ ಮುಖದ ಬಣ್ಣ ಇಳಿದುಹೋಯಿತು. ಮೆಲ್ಲನೆ ಹಲಗೆಯ ಮೇಲೆ ಕುಳಿತುಬಿಟ್ಟ.

"ನನ್ನ ಬಿಟ್ಟು ಹೋಗ್ತಿದ್ಯಾ? ನಾನು ಇಲ್ಲಿ ಹಲಗೆ ನೋಡ್ತಾ ಇರುವಾಗ... ಅಲ್ಲಿ ನೀನು..." ಅವನ ಕಣ್ಣು ಚೀಟಿಯ ಮೇಲೆಯೇ ಇತ್ತು. "ನೀನು ಬೀಳಬಾರದು ಅಂತ ಅಷ್ಟೇ ಕಣೇ. ನನಗೆ ಪ್ರೀತಿ ಅಂದ್ರೆ ಬೇರೆ ರೀತಿ ಬರಲ್ಲ."

ಅವಳು ಪಕ್ಕದಲ್ಲಿ ಕುಳಿತಳು. ಕರಗಿದ್ದಳು, ನಿಜ. ಆದರೆ ಕರಗಿದವಳಿಗೂ ನ್ಯಾಯ ಬೇಕು. ಒಪ್ಪಿಗೆ ಕೇಳದೆ ಮಾಡಿದ ಉಪಕಾರ, ಪಡೆದವಳನ್ನು ಕುಗ್ಗಿಸುತ್ತದೆ. ಅದನ್ನು ಒಳ್ಳೆಯ ಗಂಡಸರಿಗೆ ಯಾರೂ ಕಲಿಸುವುದಿಲ್ಲ!

"ಲಿಫ್ಟಿಗೆ ಬಾಯಿಲ್ಲ. ನನಗಿದೆ," ಎಂದಳು. "ನಿನಗೆ ಈ ಭಯ ಹುಟ್ಟೋಕೆ ಮುಂಚೆನೇ ನನ್ನ ಕಾಲಿಗೆ ನಡೆಯೋಕೆ ಬರ್ತಿತ್ತು. ಎಲ್ಲಾದ್ರೂ ಹಲಗೆ ಎದ್ದಿದ್ರೆ ಹೇಳು. ಕೈ ಬೇಕಾದ್ರೆ ನಾನೇ ಕೇಳ್ತೀನಿ. ಆದರೆ ನನ್ನನ್ನ ನಿನ್ನ ಬೆನ್ನ ಹಿಂದೆ ಬಿಟ್ಟು ಹೋಗಬೇಡ."

"ತಪ್ಪಾಯ್ತು."

"ನನ್ನದೂ ಇದೆ. ಒಂದು ಮಾತು ಕೇಳದೆ ತೀರ್ಪು ಕೊಟ್ಟೆ."

ಕಟ್ಟೆಯ ಕಡೆಯಿಂದ ದೋಣಿ ಕೂಗು ಹಾಕಿತು. ಅವನು ಉಸಿರು ಬಿಗಿಹಿಡಿದು ಅವಳನ್ನು ನೋಡಿದ. ಅವಳು ಕದಲಲಿಲ್ಲ. ಎಂಜಿನ್ನಿನ ಗುಡುಗುಡು ಸದ್ದು ದೂರವಾಯಿತು, ಮತ್ತಷ್ಟು ದೂರವಾಯಿತು, ಕೊನೆಗೆ ಹಳ್ಳದ ನೀರಿನ ಸದ್ದಷ್ಟೇ ಉಳಿಯಿತು. ಆಗ ಅವನು ಬಿಟ್ಟ ಉಸಿರಿಗೆ ಇಡೀ ಸೇತುವೆಯೇ ಹಗುರಾದಂತಿತ್ತು.

ಅವಳು ಎದ್ದು ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು.

"ಸೇತುವೆ ಕಿರಿದು. ಇಬ್ಬರು ಜೊತೆಗೆ ಹೋಗೋಕಾಗಲ್ಲ. ನಾನು ಮುಂದೆ."

"ಚೀಲ ಅಲ್ಲೇ ಇದೆ..."

"ಅಜ್ಜಿ ಇದ್ದಾರೆ. ಮೊದಲು ಆ ದಡ ನೋಡ್ಬೇಕು ನಂಗೆ."

"ಆ ಎದ್ದಿರೋ ಹಲಗೆ..."

"ಕಂಡಿದೆ." ಅವಳು ಅದನ್ನು ದಾಟಿಯೇ ಬಿಟ್ಟಳು. ಹಿಂದೆ ಅವನ ಹೆಜ್ಜೆ, ಅವಳ ಹೆಜ್ಜೆಗಿಂತ ಹೆಚ್ಚು ತಡವರಿಸುತ್ತಿತ್ತು!

"ಹೆದರಿಕೆ ಆಗ್ತಿದೆ ಕಣೇ," ಎಂದ ಅವನು. "ನೀನು ಬಿದ್ರೆ?"

"ಹಿಡ್ಕೋ."

"ಹಿಡ್ಕೊಂಡ್ರೆ ನಾನೂ ಬೀಳ್ತೀನಲ್ಲ!"

ಅವಳು ತಿರುಗಿ ನೋಡಿದಳು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನಡೆಯುವಾಗ ಅವನ ಮುಖ ಅವಳಿಗೆ ಕಂಡಿತು.

"ಬೀಳು. ನೀರು ಮೊಣಕಾಲಿಗೂ ಬರಲ್ಲ," ಎಂದು ನಕ್ಕು ಹಿಂದಕ್ಕೆ ಕೈ ಚಾಚಿದಳು.