ಲಾಸ್ಯಳಿಗೆ ಹಸಿವಾಯಿತು

“ಈ ಕೂಸನ್ನ ನಾ ಬಾಗಲಕೋಟಿಗೆ ಕರ್ಕೊಂಡು ಹೋಗತೀನಿ. ನಿನ್ನ ಕೈಯಾಗ ಇದು ಉಳಿಯಂಗಿಲ್ಲ!”

ಅತ್ತೆ ಲಕ್ಷ್ಮವ್ವನ ಮಾತಿಗೆ ಕಲಾವತಿ ಗೋಡೆಗೆ ಒರಗಿ ನಿಂತುಬಿಟ್ಟಳು. ತೋಳಿನಲ್ಲಿದ್ದ ಮಗಳು ಲಾಸ್ಯಳಿಗೆ ಹತ್ತು ತಿಂಗಳು. ತೂಕ ಐದೂವರೆ ಕಿಲೋ. ಮೇಲಿಂದ ಮೇಲೆ ಬಂದ ಭೇದಿ ಮಗುವನ್ನು ಹಿಂಡಿಹಾಕಿತ್ತು. ಗಂಜಿ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ಹಸಿದು ಅಳುವುದನ್ನೇ ಅದು ಮರೆತಿತ್ತು... ನಾಗಪುರದ ಸಿವಿಲ್ ಲೈನ್ಸ್‌ನಲ್ಲಿ ಗಂಡನಿಗೆ ಸಿಕ್ಕ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಂದು ಮಗುವಿದೆಯೆಂದು ಪಕ್ಕದವರಿಗೂ ಗೊತ್ತಾಗದಷ್ಟು ಮೌನ!

ಅಂದು ಬೆಳಿಗ್ಗೆಯಷ್ಟೇ ಡಾಕ್ಟರು ಜಿಂಕ್, ಅಂದರೆ ಸತುವಿನ ಮಾತ್ರೆ ಬರೆದುಕೊಟ್ಟಿದ್ದರು. ದಿನಕ್ಕೊಂದು, ಚಮಚ ನೀರಿನಲ್ಲಿ ಕರಗಿಸಿ, ಹದಿನಾಲ್ಕು ದಿನ. ಊಟವನ್ನೂ ಬಿಡದೆ ಕೊಡಬೇಕು ಎಂದಿದ್ದರು.

“ತಗಡಿಗೆ ಬಳಿಯೋ ಸತು ತಿನಿಸಿ ಕೂಸು ಬೆಳಸ್ತಿ ಏನ?”

“ನನಗ ಹದಿನಾಲ್ಕು ದಿನ ಕೊಡ್ರಿ ಅತ್ತಿ... ಆಮ್ಯಾಲೂ ಹಿಂಗ ಇದ್ರ ಕರ್ಕೊಂಡು ಹೋಗ್ರಿ. ನಾ ಅಡ್ಡ ಬರಂಗಿಲ್ಲ.”

ಗಂಡ ಗುರುಪ್ರಸಾದ್ ತಾಯಿ, ಹೆಂಡತಿಯ ನಡುವೆ ತಲೆ ತಗ್ಗಿಸಿ ಕೂತಿದ್ದ.

ಒಂಬತ್ತನೆಯ ದಿನ ಕಲಾವತಿಗೆ ವಿಪರೀತ ಜ್ವರ. ಮಧ್ಯಾಹ್ನ ಕಣ್ಣು ಬಿಟ್ಟಾಗ ಮಾತ್ರೆಯ ನೆನಪಾಯಿತು. ಗೋಡೆ ಹಿಡಿದು ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. ಲಕ್ಷ್ಮವ್ವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಕರಗಿಸಿದ ಮಾತ್ರೆಯ ನೀರನ್ನು ಚಮಚದಿಂದ ಹನಿಹನಿಯಾಗಿ ಬಾಯಿಗೆ ಬಿಡುತ್ತಿದ್ದಳು!

“ಅತ್ತಿ... ನೀವು?”

“ಇವತ್ತ ತಪ್ಪಿಸಬೇಕಂತ ಮಾತ್ರಿ ಮುಚ್ಚಿಟ್ಟಿದ್ದೆ ಕಲಾ. ಈಕಿ ಮಾರಿ ನೋಡಿದೆ... ಆಗಲಿಲ್ಲ ನನ್ನ ಕೈಲೆ.”

ಕಲಾವತಿ ಅತ್ತೆಯ ಪಕ್ಕದಲ್ಲಿ ಕುಸಿದು ಕೂತು ಅವಳ ಭುಜಕ್ಕೆ ತಲೆಯಾನಿಸಿದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಒಳಕೋಣೆಯಿಂದ ಒಂದು ಚೀರಾಟ ಕೇಳಿಸಿತು. ಗಟ್ಟಿಯಾದ, ಸಿಟ್ಟಿನ ಅಳು! ಮೂವರೂ ಓಡಿಬಂದರು. ಲಾಸ್ಯ ಆರಲು ಇಟ್ಟಿದ್ದ ಗಂಜಿಯ ಬಟ್ಟಲಿನತ್ತ ಎರಡೂ ಕೈ ಚಾಚಿ ಅಳುತ್ತಿದ್ದಳು. ಲಕ್ಷ್ಮವ್ವ ಒಂದು ಚಮಚ ತಿನ್ನಿಸಿದಳು. ಮತ್ತೊಂದು. ಮತ್ತೂ ಒಂದು... ತಡವಾದರೆ ಮಗು ಅಜ್ಜಿಯ ಕೈಗೇ ಬಡಿಯುತ್ತಿತ್ತು!

“ಹಸಿವು! ಈಕಿಗೆ ಹಸಿವಾಗೇತೋ ಗುರು!”

ಉಗುರಿನಷ್ಟೂ ಇಲ್ಲದ ಆ ಬಿಳಿ ಮಾತ್ರೆ ಇಷ್ಟು ಪುಟ್ಟ ಮೈಯೊಳಗೆ ಎಲ್ಲಿ ಹೊಕ್ಕು, ಏನನ್ನು ಎಬ್ಬಿಸಿತೋ! ಗುರುಪ್ರಸಾದನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಹದಿನೈದನೆಯ ದಿನ ಆಸ್ಪತ್ರೆಯ ತಕ್ಕಡಿ ಮುನ್ನೂರು ಗ್ರಾಂ ಹೆಚ್ಚು ತೋರಿಸಿತು. ಲಕ್ಷ್ಮವ್ವ ನಂಬದೆ ಇನ್ನೊಮ್ಮೆ ತೂಗಿಸಿದಳು. ಮತ್ತೆ ಅಷ್ಟೇ!

ಎರಡು ತಿಂಗಳ ಬಳಿಕ ಆಕೆ ಒಬ್ಬಳೇ ಊರಿಗೆ ಹೊರಟಳು. ರೈಲು ಕದಲುವ ತನಕ ಕಿಟಕಿಯಿಂದ ಚಾಚಿದ ಕೈಯನ್ನು ಮೊಮ್ಮಗಳ ತುಂಬಿದ ಕೆನ್ನೆಯಿಂದ ತೆಗೆಯಲೇ ಇಲ್ಲ.