ಪುಕ್ಕಟೆಗೆ ಒಂದು ಕಂಪನಿ

"ಇವನು ನನ್ನ ತಮ್ಮ. ಕಂಪ್ಯೂಟರ್ ಕೆಲಸ ನೋಡ್ಕೋತಾನೆ" ಎಂದು ಅಕ್ಕ ಪರಿಚಯಿಸಿದ ಕ್ಷಣದಲ್ಲೇ ಅವನು ಕಂಪನಿಯನ್ನು ಕದಿಯಲು ತೀರ್ಮಾನಿಸಿದ.

ಎದುರಿಗೆ ಕೂತಿದ್ದವರು ಹೊಸ ಕಂಪನಿಗಳನ್ನು ಕೈಹಿಡಿದು ನಡೆಸುವ ಸಂಸ್ಥೆಯೊಂದರ ಮುಖ್ಯಸ್ಥೆ. ಎಲ್ಲರಿಗೂ ಅವರು ಬರೀ ಮೇಡಂ. ವರ್ಷಕ್ಕೊಮ್ಮೆ ಒಂದೇ ಒಂದು ಸ್ಟಾರ್ಟಪ್ಪನ್ನು ಆರಿಸಿ ತಮ್ಮ ಕಟ್ಟಡದಲ್ಲಿ ಗಾಜಿನ ಬಾಗಿಲಿನ ಕೋಣೆ ಕೊಡುತ್ತಿದ್ದರು. ಕೋಣೆ ಸಿಕ್ಕಿತೆಂದರೆ ಬಂಡವಾಳ, ಸಲಹೆ, ಪತ್ರಿಕೆಯಲ್ಲಿ ಫೋಟೊ ಎಲ್ಲವೂ ತಾನಾಗಿ ಬಾಗಿಲು ತಟ್ಟುತ್ತಿದ್ದವು. ಮೇಡಂ ಅವನತ್ತ ನೋಡಿ, ಲಿಫ್ಟಿನಲ್ಲಿ ಜೊತೆಗೆ ಸಿಕ್ಕ ಅಪರಿಚಿತರಿಗೆ ನಗುವಷ್ಟು ನಕ್ಕು, ಮತ್ತೆ ಅಕ್ಕನ ಕಡೆ ತಿರುಗಿ ತಮ್ಮ ಮನೆಯ ಜರೀಗಿಡ ಯಾಕೆ ಸೊರಗುತ್ತಿದೆ ಎಂದು ಕೇಳತೊಡಗಿದರು.

ಕಂಪನಿಯ ಹೆಸರು 'ನೀರು ಹಾಕ್ತೀವಿ'. ಜನ ಊರು ಬಿಟ್ಟು ಹೋದಾಗ ಅವರ ಮನೆಯ ಬೀಗದಕೈ ಪಡೆದು, ಕುಂಡಗಳಿಗೆ ನೀರು ಹಾಕಿ, ಎಲೆಗಳ ಧೂಳು ಒರೆಸಿ, ಗಿಡ ಚೆನ್ನಾಗಿದೆ ಎಂದು ಫೋಟೊ ಕಳಿಸುವುದು ಅದರ ಕೆಲಸ. ಯೋಚನೆ ಅಕ್ಕನದು, ಗಿಡಗಳ ಬಗೆಗಿನ ತಿಳಿವಳಿಕೆ ಅಕ್ಕನದು, ಆ ಹೆಸರೂ ಅಕ್ಕನದೇ. ಉಳಿದದ್ದೆಲ್ಲ ತನ್ನದು ಎಂಬುದು ಅವನ ವಾದ.

ಉಳಿದದ್ದೇನು ಕಡಿಮೆಯೆ? ಲೋಗೊ ಬರೆದುಕೊಡುವ ತಾಣವನ್ನು ಹುಡುಕಿದವನು ಅವನು. ಗ್ರಾಹಕರು ತಮಗೆ ಬೇಕಾದ ದಿನವನ್ನು ತಾವೇ ಕಾದಿರಿಸುವ ಕ್ಯಾಲೆಂಡರನ್ನು ವೆಬ್‌ಸೈಟಿಗೆ ಅಂಟಿಸಿದವನು ಅವನು. ಯಾರಾದರೂ ವಿಚಾರಿಸಿದರೆ ಅಕ್ಕ ಊಟಕ್ಕೆ ಕೂತಿದ್ದಾಗಲೂ ವಿನಯವಾಗಿ ಉತ್ತರಿಸುವ ಯಂತ್ರ, ಎಲ್ಲರಿಗೂ ಒಂದೇ ಏಟಿಗೆ ಮೇಲ್ ಕಳಿಸುವ ಸೇವೆ, ಮೇಡಂ ಮುಂದೆ ತೋರಿಸಿದ ಸ್ಲೈಡುಗಳ ಮಾದರಿ, ಕೊನೆಗೆ ಅಕ್ಕ ತಮ್ಮಂದಿರ ನಡುವಿನ ಒಪ್ಪಂದದ ಕರಡು, ಎಲ್ಲವನ್ನೂ ಅವನು ಅಂತರಜಾಲದಿಂದ ಹೆಕ್ಕಿ ತಂದಿದ್ದ. ಯಾವುದಕ್ಕೂ ಕಾಸು ಬಿಚ್ಚಿರಲಿಲ್ಲ. ಸ್ನೇಹಿತರು ಅವನನ್ನು 'ಪುಕ್ಕಟೆ' ಎಂದೇ ಕರೆಯುತ್ತಿದ್ದರು. ಅವನು ಅದನ್ನು ಬಿರುದೆಂದುಕೊಂಡಿದ್ದ. ಯಾವ ಸೇವೆಯ ಉಚಿತ ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಮನೆಯವರ ಹುಟ್ಟಿದ ದಿನಗಳಿಗಿಂತ ಚೆನ್ನಾಗಿ ಅವನಿಗೆ ನೆನಪಿರುತ್ತಿತ್ತು.

ಅಂದು ಸ್ಕೂಟರಿನಲ್ಲಿ ವಾಪಸು ಬರುವಾಗ ಅಕ್ಕ ಹಿಂದಿನಿಂದ ಅವನ ಹೆಲ್ಮೆಟ್ ಕುಟ್ಟಿದಳು.

"ಯಾಕೋ ಮುಖ ಊದಿಸ್ಕೊಂಡಿದೀಯಾ?"

"ಏನಿಲ್ಲ."

"ಮೇಡಂ ಒಳ್ಳೇವ್ರು ಕಣೋ. ನಿನ್ನ ವಿಷಯಾನೂ ಕೇಳಿದ್ರು."

ಅವನ ಎದೆ ಒಂಚೂರು ಹಗುರಾಯಿತು. "ಏನಂತ?"

"ಸ್ಕೂಟರ್ ನಿಲ್ಸೋಕೆ ಜಾಗ ಸಿಕ್ತಾ ಅಂತ."

ಮನೆ ತಲುಪುವಷ್ಟರಲ್ಲಿ ಯೋಜನೆಗೆ ಬುಡ, ಕಾಂಡ, ಕೊಂಬೆ ಎಲ್ಲ ಮೂಡಿದ್ದವು.

ಕಳ್ಳತನದಲ್ಲಿ ಒರಟುತನ ಅವನಿಗೆ ಇಷ್ಟವಿರಲಿಲ್ಲ. ಗ್ರಾಹಕರ ವಿವರ ಹೊತ್ತುಕೊಂಡು ಓಡಿಹೋಗುವುದು, ಪಾಸ್‌ವರ್ಡ್ ಬದಲಿಸಿ ಅಕ್ಕನನ್ನು ಹೊರಗೆ ನಿಲ್ಲಿಸುವುದು, ಇವೆಲ್ಲ ಅಭಿರುಚಿ ಇಲ್ಲದವರ ಕೆಲಸ. ಅವನದು ಮೃದುವಾದ ದಾರಿ. ಹೊಸದೊಂದು ಕಂಪನಿ ಹುಟ್ಟುತ್ತದೆ. ಅದೂ ಗಿಡಗಳಿಗೆ ನೀರು ಹಾಕುತ್ತದೆ, ಆದರೆ ಚಂದವಾಗಿ, ಬೂದು ಹಸಿರು ಬಣ್ಣದಲ್ಲಿ, ತೆಳು ಅಕ್ಷರಗಳಲ್ಲಿ. ಮೇಡಂ ಕೋಣೆಯನ್ನು ಅದಕ್ಕೇ ಕೊಡುತ್ತಾರೆ. ಕೆಲವು ವಾರಗಳಲ್ಲಿ ಅದರ ಸ್ಥಾಪಕ ಸ್ವಂತ ಕಾರಣಗಳಿಂದ ಹಿಂದೆ ಸರಿದು, ಅನುಭವಿಯೊಬ್ಬನನ್ನು ತನ್ನ ಜಾಗಕ್ಕೆ ಕರೆಯುತ್ತಾನೆ. ಆ ಅನುಭವಿ ಒಲ್ಲದ ಮನಸ್ಸಿನಿಂದ ಒಪ್ಪುತ್ತಾನೆ. ಒಂದೇ ಒಂದು ಷರತ್ತು: ನನ್ನ ಅಕ್ಕನಿಗೂ ಇಲ್ಲಿ ಜಾಗ ಇರಬೇಕು. 'ಸಸ್ಯ ವಿಭಾಗದ ಮುಖ್ಯಸ್ಥೆ' ಎಂಬ ಹುದ್ದೆಯನ್ನು ಅವನು ಆಗಲೇ ಸೃಷ್ಟಿಸಿಯಾಗಿತ್ತು. ಸಮಾರಂಭಗಳಲ್ಲಿ "ಇವರು ನಮ್ಮಕ್ಕ. ಗಿಡ ನೋಡ್ಕೋತಾರೆ" ಎಂದು ತಾನೇ ಪರಿಚಯಿಸುತ್ತಾನೆ. ದೋಚಿಸಿಕೊಂಡವಳು ಬಂದು ಧನ್ಯವಾದ ಹೇಳುವ ಅಪರಾಧ ಜಗತ್ತಿನಲ್ಲಿ ಎಷ್ಟು ಸಲ ನಡೆದಿದ್ದೀತು?

ಹೊಸ ಸಿಮ್ ತಂದ. ಹೊಸ ಮೇಲ್ ವಿಳಾಸ ತೆರೆದ. ಮನೆಯ ವೈಫೈ ಮುಟ್ಟದೆ ಗ್ರಂಥಾಲಯದ ಓದುವ ಕೋಣೆಯಲ್ಲಿ, ಪತ್ರಿಕೆ ಮುಖಕ್ಕಿಟ್ಟು ತೂಕಡಿಸುವ ನಿವೃತ್ತರ ನಡುವೆ ಕೂತು ಕೆಲಸ ಮಾಡಿದ. ಹೆಸರು ಸೂಚಿಸುವ ತಾಣ 'ತುಂತುರು' ಎಂದು ಕೊಟ್ಟಿತು. ಅಕ್ಕನಿಗೆ ಇಂಥದ್ದು ಹೊಳೆಯಲು ಸಾಧ್ಯವೇ ಇಲ್ಲ ಎಂದುಕೊಂಡು ಖುಷಿಪಟ್ಟ. ಮಾದರಿ ಪುಟಗಳು, ಬೇರೆಯವರ ಮನೆಯ ಗಿಡಗಳ ಚಿತ್ರಗಳು, ಇಲ್ಲದ ಸಿಬ್ಬಂದಿಯ ನಗುಮುಖಗಳು ಎಲ್ಲ ಬಂದು ಕೂತವು. ಇಡೀ ಸಾಹಸಕ್ಕೆ ಅವನ ಜೇಬಿನಿಂದ ಹೋದದ್ದು ಸಿಮ್ಮಿನ ಚಿಲ್ಲರೆ ಮತ್ತು ಮಹಾರಾಜನ ಕಾಫಿ ಮಾತ್ರ.

ಮಹಾರಾಜ ಎಂದರೆ ಅವನ ಶಾಲೆಯ ಗೆಳೆಯ, ಅಕ್ಕ ಎಂದೂ ನೋಡಿರದವನು. ಹವ್ಯಾಸಿ ನಾಟಕಗಳಲ್ಲಿ ಯಾವಾಗಲೂ ರಾಜನ ಪಾತ್ರ ಮಾಡಿ ಆ ಹೆಸರು ಅಂಟಿತ್ತು. ತುಂತುರುವಿನ ಸ್ಥಾಪಕನ ಪಾತ್ರಕ್ಕೆ ಅವನೇ ಗೊತ್ತಾದ.

"ಸ್ಥಾಪಕ ಅಂದ್ರೆ ರಾಜನ ಥರಾನೇ ತಾನೇ?"

"ಅದಕ್ಕಿಂತ ಕಮ್ಮಿ ಮಾತಾಡ್ಬೇಕು."

"ಡ್ರೆಸ್ಸು?"

"ಟೀ ಶರ್ಟ್ ಸಾಕು. ಕಪ್ಪುದು."

"ಕೊನೇಲಿ ಸಾಯ್ತೀನಾ?"

"ಇಲ್ಲ ಮಾರಾಯ, ರಾಜೀನಾಮೆ ಕೊಡ್ತೀಯ."

ಮಹಾರಾಜನ ಮುಖ ಬಾಡಿತು. ವೇದಿಕೆಯ ಮೇಲೆ ಸಾಯುವುದರಲ್ಲೇ ಅವನ ಕೈ ಪಳಗಿತ್ತು.

ಮುಂದಿನ ಹೆಜ್ಜೆ ಇನ್ನೂ ನಾಜೂಕು. ಅಕ್ಕನ ವೆಬ್‌ಸೈಟಿಗೆ ಬಂದ ಹೊಸಬರು ವಿಚಾರಿಸಿದರೆ, ಆ ವಿನಯದ ಯಂತ್ರ 'ಸದ್ಯ ದಿನಗಳು ಖಾಲಿ ಇಲ್ಲ' ಎಂದು ಹೇಳುವ ಹಾಗೆ ಮಾಡಿದ. ಅಂಥವರಿಗೆ ಮರುದಿನವೇ ತುಂತುರುವಿನಿಂದ ಒಂದು ಸ್ನೇಹದ ಮೇಲ್ ಹೋಗುತ್ತಿತ್ತು. ಗ್ರಾಹಕರು ಬರತೊಡಗಿದರು. ಆಗ ಒಂದು ಸಣ್ಣ ತೊಡಕು ಎದುರಾಯಿತು. ಎಲ್ಲದಕ್ಕೂ ಪುಕ್ಕಟೆ ತಾಣ ಸಿಕ್ಕಿತ್ತು, ಕುಂಡಕ್ಕೆ ನೀರು ಹಾಕುವುದಕ್ಕೆ ಸಿಕ್ಕಿರಲಿಲ್ಲ. ಅದನ್ನು ಅವನೇ ಹೋಗಿ ಹಾಕಬೇಕಾಯಿತು.

ಅಧಿಕಾರಿಯೊಬ್ಬರ ಬಾಲ್ಕನಿಯಲ್ಲಿ, ದಂತವೈದ್ಯರ ಹಜಾರದಲ್ಲಿ, ನೂತನ ದಂಪತಿಗಳ ಅಡುಗೆಮನೆಯ ಕಿಟಕಿಯಲ್ಲಿ ಅವನು ಬಾಟಲಿ ಹಿಡಿದು ನಿಂತ. ಎಲ್ಲ ಗಿಡಕ್ಕೂ ಸಮನಾಗಿ ಸುರಿದ. ಸಮಾನತೆ ಗಿಡಗಳಿಗೆ ಒಗ್ಗಲಿಲ್ಲ.

"ಅಕ್ಕಾ," ಒಂದು ಮಧ್ಯಾಹ್ನ ಕೇಳಿದ. ಅವರ ಆಫೀಸು ಲಾಂಡ್ರಿಯ ಮೇಲಿನ ಕೋಣೆ. ಇಸ್ತ್ರಿಯ ಹಬೆ ನೆಲದಿಂದಲೇ ಏರಿ ಬರುತ್ತಿತ್ತು. "ಎಲೆ ತುದಿ ಕಂದು ಆದ್ರೆ ನೀರು ಕಮ್ಮಿ ಅಂತಾನಾ, ಜಾಸ್ತಿ ಅಂತಾನಾ?"

"ಯಾವ ಗಿಡ?"

"ಯಾವ್ದೋ ಒಂದು. ಸುಮ್ನೆ ಕೇಳ್ದೆ."

"ಯಾವ್ದೋ ಒಂದು ಅನ್ನೋ ಗಿಡ ನಾನಂತೂ ನೋಡಿಲ್ಲ." ಅಕ್ಕ ಕನ್ನಡಕ ಮೇಲೆತ್ತಿದಳು. "ಮಣ್ಣಲ್ಲಿ ಬೆರಳು ಇಟ್ಟು ನೋಡ್ಬೇಕು. ಒದ್ದೆ ಇದ್ರೆ ಬಾಟ್ಲಿ ಕೆಳಗಿಟ್ಟು ಮನೆಗೆ ಬರ್ಬೇಕು. ಅಷ್ಟೇ ವಿದ್ಯೆ. ಇರು, ಏನಿದು ನಿನ್ನ ಉಗುರು? ಮಣ್ಣು!"

ಅವನು ಕೈಯನ್ನು ತೊಡೆಯ ಕೆಳಗೆ ತೂರಿಸಿದ.

"ಅಮ್ಮಂಗೆ ಫೋನ್ ಮಾಡಿ ಹೇಳ್ತೀನಿ," ಎಂದಳು ಅಕ್ಕ, ನಿಜವಾಗಿಯೂ ಸಂತೋಷದಿಂದ. "ಮಗ ಕಡೆಗೂ ಮೌಸ್ ಬಿಟ್ಟು ಬೇರೆ ಏನೋ ಮುಟ್ಟಿದಾನೆ ಅಂತ."

ಅವಳ ಸಂತೋಷ ಬಹಳ ದಿನ ಉಳಿಯಲಿಲ್ಲ. ಹೊಸ ಗ್ರಾಹಕರು ನಿಂತೇಹೋದರು. ಅಕ್ಕ ಫೋನನ್ನು ತಿರುಗಿಸಿ ನೋಡುವಳು, ಅದು ಸತ್ತಿದೆಯೇನೋ ಎಂಬಂತೆ ಅಲ್ಲಾಡಿಸುವಳು.

"ಜನ ಊರು ಬಿಡೋದೇ ನಿಲ್ಲಿಸ್ಬಿಟ್ರೇನೋ?"

ಅವನು ಗ್ರಾಫ್ ಬರೆಯುವ ತಾಣದಿಂದ ಸೊಗಸಾದ ಒಂದು ಗೆರೆ ತೆಗೆದು ತೋರಿಸಿದ. ಇಳಿಯುತ್ತಿದ್ದ ಗೆರೆ ಮುಂದೆ ಚುಕ್ಕಿಚುಕ್ಕಿಯಾಗಿ ಏರುತ್ತಿತ್ತು. "ಸೀಸನ್ ಅಕ್ಕ. ತಾನಾಗೇ ಮೇಲೆ ಬರುತ್ತೆ."

"ಹೀಗೇ ಇದ್ರೆ ಆ ಮೇಡಂ ಕೋಣೆ ಒಂದೇ ನಮಗೆ ದಿಕ್ಕು. ಅದೂ ಸಿಗ್ಲಿಲ್ಲ ಅಂದ್ರೆ ನಾನು ಹಳೇ ನರ್ಸರಿಗೆ ಹೋಗಿ ಸೇರ್ಕೋತೀನಿ. ಇನ್ನೂ ಎಷ್ಟು ದಿನ ಅಂತ ನಿನ್ನನ್ನ ಸುಮ್ಸುಮ್ನೆ ದುಡಿಸ್ಲಿ?"

ನರ್ಸರಿಯ ಮಾತು ಅವನಿಗೆ ಹಿಡಿಸಲಿಲ್ಲ. ಅದಕ್ಕೂ ಅವನ ಬಳಿ ಮದ್ದಿತ್ತು: ಸಸ್ಯ ವಿಭಾಗದ ಮುಖ್ಯಸ್ಥೆಗೆ ಕಿಟಕಿ ಪಕ್ಕದ ಮೇಜು ಕೊಡುವುದೆಂದು ಆಗಿಂದಾಗಲೇ ಗೊತ್ತುಮಾಡಿಕೊಂಡ.

ತುಂತುರುವಿನ ಸುದ್ದಿ ಅಕ್ಕನ ಕಿವಿಗೆ ಬಿದ್ದಾಗ ಅವನು ಸಿದ್ಧನಾಗಿಯೇ ಇದ್ದ.

"ಯಾರೋ ನಮ್ಮ ಥರಾನೇ ಶುರು ಮಾಡಿದಾರಂತೆ ಕಣೋ. ಮೇಡಂ ಹತ್ರಾನೂ ಅರ್ಜಿ ಹಾಕಿದಾರಂತೆ."

"ನಾಚ್ಕೆ ಇಲ್ವಾ ಜನಕ್ಕೆ! ಇನ್ನೊಬ್ರು ಯೋಚ್ನೆ ಕದಿಯೋಕೆ?" ಎಂದ. ಕೋಪ ಎಷ್ಟು ಸಹಜವಾಗಿ ಬಂತೆಂದರೆ ಕೆಲವು ಕ್ಷಣ ಅವನಿಗೆ ತುಂತುರುವಿನ ಮೇಲೆ ನಿಜಕ್ಕೂ ಅಸಹ್ಯವಾಯಿತು. "ಬಿಡು, ನಾನು ಪತ್ತೆ ಮಾಡ್ತೀನಿ." ವೆಬ್‌ಸೈಟಿನ ಜಾತಕ ತೆಗೆಯುವ ತಾಣವೊಂದಿತ್ತು, ಅದೂ ಉಚಿತವೇ. ಸಂಜೆ ಬಂದು ವರದಿ ಒಪ್ಪಿಸಿದ: "ಯಾರೋ ಹೊರಗಿನವರು. ತುಂಬಾ ಬುದ್ಧಿವಂತರು."

ಆಯ್ಕೆಯ ದಿನ ಸಂಸ್ಥೆಯ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಜೋಡಿಸಿದ್ದರು. ಅವನೂ ಅಕ್ಕನೂ ಮೊದಲ ಸಾಲಿನಲ್ಲಿ ಕೂತರು. ಅಕ್ಕ ಹೊಸ ಚಪ್ಪಲಿ ಹಾಕಿದ್ದಳು. ಅದು ಕಚ್ಚುತ್ತಿದ್ದರಿಂದ ಒಂದು ಕಾಲನ್ನು ಹೊರಗೆ ತೆಗೆದು ಇಟ್ಟುಕೊಂಡಿದ್ದಳು. ಮೇಡಂ ಮೈಕಿನ ಮುಂದೆ ನಿಂತು, ಕೊನೆಗೆ ಉಳಿದದ್ದು ಎರಡೇ ಕಂಪನಿ, ಎರಡೂ ಒಂದೇ ಕೆಲಸ ಮಾಡುವುದನ್ನು ನೋಡಿದರೆ ಈ ಕೆಲಸಕ್ಕೆ ಬೇಡಿಕೆ ಇರುವುದು ಖಚಿತ, ಆದರೆ ಒಂದರ ಗ್ರಾಹಕರು ಇಳಿಯುತ್ತಿದ್ದಾರೆ, ಇನ್ನೊಂದರ ಗ್ರಾಹಕರು ಏರುತ್ತಿದ್ದಾರೆ ಎಂದರು. ಆಮೇಲೆ ತುಂತುರುವಿನ ಹೆಸರು ಹೇಳಿದರು.

ಅಕ್ಕ ಚಪ್ಪಾಳೆ ತಟ್ಟಿದಳು. ಅವನು ಇನ್ನೂ ಜೋರಾಗಿ ತಟ್ಟಿದ. ಮಹಾರಾಜ ಕಪ್ಪು ಟೀ ಶರ್ಟಿನಲ್ಲಿ ವೇದಿಕೆ ಏರಿ, ಕಮ್ಮಿ ಮಾತಾಡಬೇಕೆಂಬುದನ್ನು ಸಂಪೂರ್ಣ ಮರೆತು, ಎದೆಯ ಮೇಲೆ ಕೈಯಿಟ್ಟು, "ಈ ಪೀಠಕ್ಕೆ ನಾನು ಅರ್ಹನೋ ಅಲ್ಲವೋ ಕಾಲವೇ ನಿರ್ಧರಿಸಲಿ" ಎಂದು ಶುರುಮಾಡಿದ.

"ಎಷ್ಟು ಚೆನ್ನಾಗಿ ಮಾತಾಡ್ತಾನೆ ನೋಡು," ಎಂದು ಅಕ್ಕ ಪಿಸುಗುಟ್ಟಿದಳು. ಕಣ್ಣು ಒದ್ದೆಯಾಗಿತ್ತು. ಮೇಡಂ ವೇದಿಕೆಯಿಂದ ಇಳಿದು ಬಂದು ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು ಸಮಾಧಾನದ ಮಾತಾಡತೊಡಗಿದರು. ಅವನು ಒಂದು ಕಿವಿಯನ್ನು ಅತ್ತ ಕೊಟ್ಟು, ಗಾಜಿನ ಬಾಗಿಲಿನ ಮೇಲೆ ತನ್ನ ಹೆಸರು ಯಾವ ಅಕ್ಷರದಲ್ಲಿರಬೇಕೆಂದು ಯೋಚಿಸುತ್ತಿದ್ದ. ಅಷ್ಟರಲ್ಲಿ ಅಕ್ಕನ ಫೋನು ಚಿಲಿಪಿಲಿಗುಟ್ಟಿತು. ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರುತ್ತಿದ್ದವು.

"ಇದೇನೋ, ನಮ್ಮ ವೆಬ್‌ಸೈಟ್ ಕಂಪನಿಯವ್ರು ಏನೋ ಕಳ್ಸಿದಾರೆ," ಎಂದು ಅಕ್ಕ ಕನ್ನಡಕ ಸರಿಮಾಡಿಕೊಂಡು, ಮೇಡಂಗೂ ಕೇಳುವಂತೆ ಓದಿದಳು. "'ಅಭಿನಂದನೆಗಳು! ನಿಮ್ಮ ಕೋಡ್ ಬಳಸಿ ನೀವು ಕರೆತಂದ ಗೆಳೆಯರ ವೆಬ್‌ಸೈಟ್ ತುಂತುರು ಇಂದಿಗೆ ಒಂದು ತಿಂಗಳು ಪೂರೈಸಿದೆ. ಅವರಿಗೆ ಕೊಟ್ಟಂತೆ ನಿಮಗೂ ಮೂರು ತಿಂಗಳು ಉಚಿತ.' ನಾನ್ಯಾರನ್ನ ಕರೆತಂದೆ? ಆ ಕೋಡ್ ಇರೋದು ನಿನ್ನ ಹತ್ರ ತಾನೇ?" ಮೇಡಂ ಮಾತು ನಿಲ್ಲಿಸಿ, ಜೀವನದಲ್ಲಿ ಮೊದಲ ಬಾರಿಗೆ ಅವನನ್ನು ಪೂರ್ತಿಯಾಗಿ ನೋಡಿದರು. ಅವನಿಗೆ ಆಗ ನೆನಪಾಯಿತು: ಗ್ರಂಥಾಲಯದಲ್ಲಿ, ಹೊಸ ಸಿಮ್ಮು ಹೊಸ ಮೇಲಿನ ನಡುವೆ, ತುಂತುರುವಿಗೆ ಚೊಕ್ಕವಾದ ವೆಬ್ ವಿಳಾಸ ಬೇಕಿದ್ದರೆ ದುಡ್ಡು ಕಟ್ಟಿ ಎಂದು, ಅಕ್ಕನ ವೆಬ್‌ಸೈಟನ್ನೂ ಕಟ್ಟಿಕೊಟ್ಟಿದ್ದ ಆ ತಾಣ ಕೇಳಿತ್ತು; ಕೆಳಗಡೆ 'ನಿಮ್ಮನ್ನು ಯಾರಾದರೂ ಕರೆತಂದರೇ? ಅವರ ಕೋಡ್ ಹಾಕಿದರೆ ಮೂರು ತಿಂಗಳು ಉಚಿತ' ಎಂಬ ಪುಟ್ಟ ಚೌಕವಿತ್ತು. ದುಡ್ಡಿನ ಮಾತು ಬಂದ ಕೂಡಲೇ ಅವನ ಬೆರಳುಗಳು, ಅವನನ್ನು ಒಂದು ಮಾತೂ ಕೇಳದೆ, ಅಕ್ಕನ ಖಾತೆಯ ಕೋಡನ್ನು ಅಲ್ಲಿ ಒತ್ತಿದ್ದವು. ಪುಕ್ಕಟೆಯಾಗಿ ಸಿಕ್ಕ ಆ ಮೂರು ತಿಂಗಳಲ್ಲಿ ಇನ್ನೂ ಎರಡು ಬಳಸದೆ ಉಳಿದಿದ್ದವು.