ಗುಂಡನ ಹೊಟ್ಟೆಯೊಳಗೆ ಏನಿದೆ?

“ಅಯ್ಯೋ, ಏನೂ ಕಾಣ್ತಿಲ್ವಲ್ಲ!” ಎಂದರು ಡಾಕ್ಟರ್.

ಮೇಜಿನ ಮೇಲೆ ಬೆಕ್ಕು ಗುಂಡ ಅಂಗಾತ ಮಲಗಿದ್ದ. ಹೊಟ್ಟೆಯ ಕೂದಲು ಬೋಳಿಸಿ, ತಣ್ಣನೆಯ ಜೆಲ್ ಬಳಿದಿದ್ದರು. ಅವನ ಮುಂಗಾಲು ಹಿಡಿದುಕೊಂಡಿದ್ದವಳು ಪಟಾಕಿ. ಅದು ಅವಳ ನಿಜವಾದ ಹೆಸರಲ್ಲ. ಕಿಡಿ ತಾಗುವ ಮೊದಲೇ ಸಿಡಿಯುತ್ತಾಳೆಂದು ಮನೆಯವರು ಇಟ್ಟದ್ದು.

ಸ್ಕ್ಯಾನಿಂಗ್ ಮೆಷಿನ್ನಿನ ಪರದೆಯ ಮೇಲೆ ಬರೀ ಬೂದಿ ಬಣ್ಣದ ಮಂಜು.

“ಬೆಳಿಗ್ಗೆ ಏನಾದ್ರೂ ತಿಂದನಾ?”

“ಇಲ್ಲ ಡಾಕ್ಟರ್! ನೀವು ಹೇಳಿದ ಹಾಗೆ ನೀರು ಮಾತ್ರ.”

“ಹೊಟ್ಟೆ ತುಂಬಾ ಊಟ ಇದೆಯಲ್ಲ ಪುಟ್ಟಾ! ಜೊತೆಗೆ ಗ್ಯಾಸ್. ಈ ಮೆಷಿನ್ ನಮಗೆ ಕೇಳಿಸದ ಶಬ್ದ ಒಳಗೆ ಕಳಿಸುತ್ತೆ. ಗ್ಯಾಸ್ ಅಡ್ಡ ಬಂದ್ರೆ ಶಬ್ದ ಅಲ್ಲಿಂದಲೇ ವಾಪಸ್. ಅದರ ಹಿಂದೆ ಏನಿದೆ ಅಂತ ಕಾಣೋದೇ ಇಲ್ಲ. ನಾಳೆ ಮತ್ತೆ ಬನ್ನಿ.”

ನಾಳೆ! ಪಟಾಕಿಗೆ ತಲೆ ಚಿಟ್ಟು ಹಿಡಿಯಿತು. ಇವತ್ತೇ ರಿಲೇ ಓಟದ ಪ್ರಾಕ್ಟೀಸ್ ತಪ್ಪಿಸಿಕೊಂಡು ಬಂದಿದ್ದಳು. ಗುಂಡನೋ, ತಿಂದದ್ದನ್ನೆಲ್ಲ ಕಾರಿಕೊಂಡು ಕಡ್ಡಿಯಾಗುತ್ತಿದ್ದ. ಒಳಗೆ ಗಂಟಿದೆಯೋ ಏನೋ, ನೋಡದೆ ಔಷಧ ಕೊಡುವ ಹಾಗಿರಲಿಲ್ಲ.

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಹಾಗೆ ಕೂತಿದ್ದದ್ದು ಮಾತ್ರ ಗುಂಡನಲ್ಲ, ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ.

“ಅಜ್ಜೀ…”

“ಒಂದೇ ಒಂದು ಹಿಡಿ ಕಣೇ. ಚೂರು ಮೀನು. ಆಮೇಲೆ ಒಂಚೂರು ಬ್ರೆಡ್ಡು, ಹಾಲಲ್ಲಿ ನೆನೆಸಿದ್ದು.”

“ಅದು ಒಂದು ಹಿಡಿನಾ? ಮದುವೆ ಊಟ ಅದು! ಎಷ್ಟು ಸಲ ಹೇಳಿದೀನಿ ನಿಂಗೆ!”

“ಅವನ ಮುಖ ನೋಡಕ್ಕಾಗ್ಲಿಲ್ಲ…”

“ನೋಡಬೇಡ ಹಾಗಾದ್ರೆ!”

ದಾರಿಯುದ್ದಕ್ಕೂ ಪಟಾಕಿ ಮುಖ ಊದಿಸಿಕೊಂಡೇ ಬಂದಳು. ಸಂಜೆ ಗುಂಡನಿಗೆ ಊಟ ಹಾಕಿ, ಅವನನ್ನು ತನ್ನ ಕೋಣೆಯೊಳಗೆ ಬಿಟ್ಟುಕೊಂಡು ಚಿಲಕ ಹಾಕಿದಳು. “ಅಜ್ಜಿ, ನೀನು ಈ ಕಡೆ ತಲೆ ಹಾಕಿ ಕೂಡ ಮಲಗಬೇಡ!” ಎಂದು ಒಳಗಿನಿಂದಲೇ ಕೂಗಿದಳು.

ಬೆಳಗಾಯಿತು. ಗುಂಡ ಶುರು ಮಾಡಿದ. ಮೊದಲು ಮೆಲ್ಲಗೆ ಮಿಯಾಂವ್. ಆಮೇಲೆ ಬಾಗಿಲು ಕೆರೆದ. ಕೊನೆಗೆ ಅವಳ ಕಾಲಿಗೆ ಮೈ ಉಜ್ಜಿ, ಬೆರಳು ನೆಕ್ಕಿ, ಮುಖವನ್ನೇ ನೋಡುತ್ತ ಕೂತ.

“ಸುಮ್ನಿರೋ! ನಿನ್ನ ಒಳ್ಳೇದಕ್ಕೇ ಕಣೋ!”

ಅವನು ಕಣ್ಣು ಕೀಳಲಿಲ್ಲ. ಬೋಳು ಹೊಟ್ಟೆ ಒಳಕ್ಕೆ ಅಂಟಿಕೊಂಡಿತ್ತು. ಪಟಾಕಿಯ ಕೈ ಶೆಲ್ಫಿನ ಮೇಲಿದ್ದ ಬೆಕ್ಕಿನ ಬಿಸ್ಕತ್ತಿನ ಡಬ್ಬಕ್ಕೆ ಹೋಯಿತು. ಮುಚ್ಚಳ ತೆರೆಯಿತು. ಒಂದೇ ಒಂದು, ಅಂದುಕೊಂಡಳು. ಒಂದರಿಂದ ಏನಾಗುತ್ತೆ?

ಬಿಸ್ಕತ್ತು ಬೆರಳ ತುದಿಯಲ್ಲಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ಟಪ್ಪೆಂದು ಡಬ್ಬದೊಳಗೆ ಹಾಕಿ, ಬಾಗಿಲು ತೆರೆದಳು.

ಹೊರಗೆ ಅಜ್ಜಿ ಗೋಡೆಗೊರಗಿ, ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು.

“ಅಜ್ಜಿ, ಈ ಡಬ್ಬ ಎಲ್ಲಾದ್ರೂ ಬಚ್ಚಿಡು. ನಂಗೆ ಸಿಗದ ಹಾಗೆ.”

ಅಜ್ಜಿ ಅವಳ ಮುಖ ನೋಡಿದಳು. ಡಬ್ಬ ತೆಗೆದುಕೊಂಡು ಹೋದಳು.

ಆಸ್ಪತ್ರೆಯಲ್ಲಿ ಈ ಸಲ ಪರದೆಯ ಮೇಲೆ ಕರುಳಿನ ಸುರುಳಿ ಸ್ಪಷ್ಟವಾಗಿ ಕಂಡಿತು. “ಗಂಟು ಗಿಂಟು ಏನೂ ಇಲ್ಲ,” ಎಂದರು ಡಾಕ್ಟರ್. “ಕರುಳಿನ ಗೋಡೆ ಊದಿಕೊಂಡಿದೆ, ಅಷ್ಟೇ. ಔಷಧ ಕೊಡ್ತೀನಿ.” ಬೆಕ್ಕಿನ ಊಟದ ಟಿನ್ನೊಂದನ್ನು ಮೇಜಿನ ಮೇಲಿಟ್ಟರು. “ ಊಟಕ್ಕೆ ಮಾತ್ರ ಈ ಟಿನ್ನಲ್ಲಿರೋದು ಬಿಟ್ಟು ಬೇರೇನೂ ಬೇಡ. ಮೀನೂ ಇಲ್ಲ, ಬ್ರೆಡ್ಡೂ ಇಲ್ಲ. ಮನೇಲಿ ಊಟ ಹಾಕೋರು ಯಾರು?”

ಅಜ್ಜಿ ನೆಲ ನೋಡಿದಳು.

“ನಮ್ಮಜ್ಜಿ,” ಎಂದಳು ಪಟಾಕಿ. ಟಿನ್ ತೆಗೆದು ಅಜ್ಜಿಯ ಮಡಿಲಲ್ಲಿಟ್ಟಳು.

ಗುಂಡ ಮತ್ತೆ ಕೂಗಿದ.

“ಈಗ ಹಾಕಬಹುದಾ ಡಾಕ್ಟರ್?” ಇಬ್ಬರೂ ಒಟ್ಟಿಗೇ ಕೇಳಿದರು.